ಹುಡುಗನ್ನ 'ತಿದ್ದೋ' ರೆಸಿಡೆನ್ಷಿಯಲ್ ಶಾಲೆಗೆ ಹಾಕ್ಬೇಕು ಅಂತಿದಾರೆ, ಅಂಥ ಕಡೆ ಇದ್ದು ಬಂದವ್ರು ಯಾರಾದ್ರೂ ಇದೀರಾ?

ಶಿರಾ ಸೀಮೆಯವ:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಕ್ಕನ ಮಗ, 15 ವರ್ಷ, ಹತ್ತನೇ ಕ್ಲಾಸು. ಭಾವಂದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ, ಯಾವಾಗ್ಲೂ ಮಂಡಿಯಲ್ಲೇ ಇರ್ತಾರೆ, ಮನೇಲಿ ಅಕ್ಕ ಒಬ್ಳೇ. ಹುಡುಗ ರಾತ್ರಿ ಎರಡು ಮೂರು ಗಂಟೆ ತನಕ ಫೋನಲ್ಲಿ ಬಿಜಿಎಂಐ ಅನ್ನೋ ಶೂಟಿಂಗ್ ಗೇಮ್ ಆಡ್ತಾನೆ, ಬೆಳಗ್ಗೆ ಎಬ್ಬಿಸಿದ್ರೆ ಏಳಲ್ಲ, ಸ್ಕೂಲಿಗೆ ಹೋಗೋದು ಹೆಚ್ಚುಕಮ್ಮಿ ನಿಂತೇ ಹೋಗಿದೆ, ಹೋದ ತಿಂಗ್ಳು ಫೋನ್ ಕಿತ್ಕೊಂಡ್ಲು ಅಂತ ಅಕ್ಕನ್ನ ತಳ್ಳಿದಾನೆ, ಅವ್ಳ ಕೈ ಬಾಗ್ಲು ಚಿಲಕಕ್ಕೆ ತಗುಲಿ ಹೊಲಿಗೆ ಹಾಕಿಸಿದ್ವಿ. ಊರವ್ರ ಹತ್ರ ಜಾರಿ ಬಿದ್ದೆ ಅಂತ ಹೇಳ್ಕೊಂಡು ಓಡಾಡ್ತಿದಾಳೆ ಪಾಪ.

ಈಗ ಭಾವನ ಕಡೆಯ ನೆಂಟ್ರೊಬ್ರು ಒಂದು ಪಾಂಪ್ಲೆಟ್ ತಂದ್ಕೊಟ್ಟಿದಾರೆ. ಹಠಮಾರಿ ಮಕ್ಕಳನ್ನ, ಮೊಬೈಲ್ ಚಟ ಹತ್ತಿರೋರ್ನ ಇಟ್ಕೊಂಡು ತಿದ್ದಿ ಕೊಡ್ತೀವಿ, ಓದೂ ಹೇಳ್ಕೊಡ್ತೀವಿ, ಕೌನ್ಸೆಲಿಂಗೂ ಇರುತ್ತೆ ಅಂತ ಅದ್ರಲ್ಲಿದೆ. ನಾನೇ ಫೋನ್ ಮಾಡಿ ಮಾತಾಡ್ದೆ. ಮೊದಲ ಮೂರು ತಿಂಗ್ಳು ಅಪ್ಪ ಅಮ್ಮ ನೋಡೋಕೆ ಬರಂಗಿಲ್ಲ, ಫೋನಲ್ಲಿ ಮಾತಾಡಂಗಿಲ್ಲ, ಆಮೇಲೆ ಹುಡುಗ ಸೆಟ್ ಆದ್ಮೇಲೆ ನೋಡೋಣ ಅಂದ್ರು. ಇನ್ನೊಂದು ಮಾತು ಹೇಳಿದ್ರು, ಅದೇ ನಂಗೆ ಒಂಥರಾ ಆಯ್ತು: ಹುಡುಗನಿಗೆ ಮುಂಚೆ ಏನೂ ಹೇಳ್ಬೇಡಿ, ನಮ್ಮ ಹುಡುಗ್ರು ಬೆಳಗಿನ ಜಾವ ಗಾಡಿ ತಗೊಂಡು ಬಂದು ಕರ್ಕೊಂಡು ಹೋಗ್ತಾರೆ, ನೀವು ರೂಮಿಂದ ಹೊರಗೆ ಬರ್ಬೇಡಿ ಅಂತ.

ಭಾವ ರೆಡಿ ಇದಾರೆ. ಅಕ್ಕ ಅಳ್ತಾಳೆ, ಆದ್ರೆ ಬೇಡ ಅಂತಾನೂ ಅಂತಿಲ್ಲ. ಇಂಥ ಕಡೆ ಓದಿದವ್ರು, ಇದ್ದು ಬಂದವ್ರು ಇದ್ರೆ ಒಳಗೆ ಹೆಂಗಿರುತ್ತೆ ಹೇಳಿ ಪ್ಲೀಸ್. ಪಾಂಪ್ಲೆಟ್‌ನಲ್ಲಿರೋದು ಬೇಡ, ಇದ್ದು ಬಂದವ್ರ ಮಾತು ಬೇಕು.

ಚಿಂತಾಮಣಿ ಹುಡ್ಗ:

ಅಣ್ಣಾ, ನಾನು ಇದ್ದು ಬಂದೋನು. ಯಾವ ಜಾಗ ಅಂತ ಹೇಳಲ್ಲ, ಈಗ ಮುಚ್ಚಿದಾರೆ ಅಂತ ಕೇಳ್ದೆ. ನನ್ನ ಕರ್ಕೊಂಡು ಹೋಗಿದ್ದೂ ಹಂಗೇ. ಮಲಗಿದ್ದೋನನ್ನ ಇಬ್ರು ಎಬ್ಬಿಸಿದ್ರು, ಗುರುತು ಪರಿಚಯ ಇಲ್ದೋರು, ಒಬ್ರು ಬನಿಯನ್ ಹಿಡ್ಕೊಂಡಿದ್ರು, ನಾನು ಕಳ್ರು ಅಂದ್ಕೊಂಡು ಅಮ್ಮಾ ಅಮ್ಮಾ ಅಂತ ಕಿರುಚ್ದೆ, ಅಮ್ಮ ಪಕ್ಕದ ರೂಮಲ್ಲೇ ಇದ್ರು, ಬಾಗ್ಲು ತೆಗೀಲಿಲ್ಲ. ಈಗ್ಲೂ ರಾತ್ರಿ ಯಾರಾದ್ರೂ ಬಾಗ್ಲು ತೆಗೆದ ಸದ್ದಾದ್ರೆ ನಂಗೆ ಆಮೇಲೆ ನಿದ್ದೆ ಬರಲ್ಲ, ರೂಮಲ್ಲಿ ಜೊತೆಗಿರೋರಿಗೆ ಮೊದ್ಲೇ ಹೇಳಿಟ್ಟಿರ್ತೀನಿ.

ಹೋದ ತಕ್ಷಣ ಚಪ್ಪಲಿ ಕಿತ್ಕೊಂಡ್ರು. ಹೊಸಬ್ರಿಗೆಲ್ಲ ಬರಿಗಾಲು, ಯಾಕಂದ್ರೆ ಕಾಂಪೌಂಡ್ ಆಚೆ ಪೂರ್ತಿ ಜಾಲಿಮುಳ್ಳು, ಓಡಿಹೋಗೋಕಾಗ್ಬಾರ್ದು ಅಂತ. ಒಳ್ಳೆ ಮಾರ್ಕ್ಸ್ ಬಂದ್ರೆ ಚಪ್ಪಲಿ ವಾಪಸ್, ಆಮೇಲೆ ಫ್ಯಾನ್ ಕೆಳಗೆ ಮಲಗೋ ಜಾಗ, ಆಮೇಲೆ ಮನೆಗೆ ಕಾಗ್ದ. ಮಾರ್ಕ್ಸ್ ಅಂದ್ರೆ ಓದಿದ್ದಕ್ಕಲ್ಲ, ನಡತೆಗೆ. ತಿರುಗಿ ನೋಡಿದ್ರೆ ಕಟ್, ಊಟದಲ್ಲಿ ಮಾತಾಡಿದ್ರೆ ಕಟ್, ಬೇರೆಯವ್ರ ತಪ್ಪು ನೋಡಿ ಹೇಳ್ದೆ ಇದ್ರೂ ಕಟ್.

ಕೌನ್ಸೆಲಿಂಗ್ ಅಂತಾರಲ್ಲ, ಅದು ಸಾಯಂಕಾಲದ ಮೀಟಿಂಗು. ಒಬ್ಬನನ್ನ ಮಧ್ಯ ನಿಲ್ಸಿ ಸುತ್ತ ಕೂತಿರೋರೆಲ್ಲ ಅವ್ನ ತಪ್ಪು ಕೂಗಿ ಕೂಗಿ ಹೇಳ್ಬೇಕು, ಅವ್ನು ಅಳೋವರ್ಗೂ, ಅತ್ತು ಒಪ್ಕೊಂಡ್ರೆ 'ಬದಲಾಗ್ತಿದಾನೆ' ಅಂತ ರಿಜಿಸ್ಟರಲ್ಲಿ ಬರೀತಿದ್ರು, ಮಾಡ್ದೆ ಇರೋದನ್ನೂ ಒಪ್ಕೊಂಡು ಮುಗಿಸೋರು ಹುಡುಗ್ರು, ಒಬ್ಬ ಪುಟ್ಟ ಹುಡ್ಗ ಮನೇಲಿ ಒಡವೆ ಕದ್ದಿದ್ದೆ ಅಂತ ಒಪ್ಕೊಂಡ, ರಾತ್ರಿ ನನ್ ಹತ್ರ ಅಣ್ಣಾ ನಮ್ಮನೇಲಿ ಒಡವೇನೇ ಇಲ್ಲ ಅಂದ.

ಕಾಗ್ದ ಬರೆದ್ರೆ ವಾರ್ಡನ್ ಓದ್ತಿದ್ರು. ಕೆಂಪು ಪೆನ್ನಲ್ಲಿ ಕೆಲವು ಸಾಲು ಹೊಡೆದು ವಾಪಸ್ ಕೊಡೋರು, ನಾವು ಅದನ್ನ ಚೆನ್ನಾಗಿ ಕಾಪಿ ಮಾಡಿ ಕೊಟ್ರೆ ಪೋಸ್ಟಾಗೋದು. ಮೊದಲ್ನೇ ಸಲ ಅಪ್ಪ ಅಮ್ಮ ಬಂದಾಗ ಸರ್ ನಮ್ ಬೆಂಚಲ್ಲೇ ಕೂತಿದ್ರು, ಒಂದು ನಿಮಿಷ ಎದ್ದು ಹೋಗ್ಲಿಲ್ಲ. ಚೆನ್ನಾಗಿದೀನಿ ಅಂದೆ. ಇನ್ನೇನು ಹೇಳ್ಲಿ. ಅಮ್ಮ ಸಂತೋಷಪಟ್ಕೊಂಡು ಹೋದ್ರು.

ನಿಮ್ಮ ಹುಡುಗ ಸುಧಾರಿಸ್ತಾನಾ ಅಂತ ಕೇಳಿದ್ರೆ, ನಾನು ವಾಪಸ್ ಬಂದ್ಮೇಲೆ ಭಾಳ ಶಾಂತ ಆಗಿದ್ದೆ. ಎಲ್ರೂ ಹೊಗಳಿದ್ರು. ಮನೆಯವ್ರ ಜೊತೆ ಮಾತೇ ಇರ್ಲಿಲ್ಲ ಅನ್ನೋದು ಯಾರ್ಗೂ ಗೊತ್ತಾಗ್ಲಿಲ್ಲ. ಕಳಿಸ್ಬೇಡಿ ಅಣ್ಣಾ.

ಬಂಗಾರಪೇಟೆಯವಳು, ಈಗ ಯೂಟಾದಲ್ಲಿ:

ಚಿಂತಾಮಣಿಯವ್ರು ಬರೆದಿದ್ದು ಓದಿ ಮೈ ಜುಮ್ ಅಂತು. ನಾನಿರೋದು ಅಮೆರಿಕಾದ ಯೂಟಾ ರಾಜ್ಯ, ಇಲ್ಲಿ ಇಂಥ ಶಾಲೆಗಳು ತುಂಬಾ ಇವೆ, ಥೆರಪ್ಯೂಟಿಕ್ ಬೋರ್ಡಿಂಗ್ ಸ್ಕೂಲ್ ಅಂತಾರೆ, ದೇಶದ ಎಲ್ಲಾ ಕಡೆಯಿಂದ ಮಕ್ಕಳನ್ನ ತಂದು ಬಿಡ್ತಾರೆ, ತಿಂಗಳಿಗೆ ಸಾವಿರಾರು ಡಾಲರ್ ಫೀಸು. ಇಲ್ಲಿ ಓದಿ ಹೊರಗೆ ಬಂದವ್ರು ತಮ್ಮನ್ನ ಹಳೆ ವಿದ್ಯಾರ್ಥಿ ಅಂತ ಹೇಳ್ಕೊಳ್ಳಲ್ಲ, ಸರ್ವೈವರ್, ಅಂದ್ರೆ ಬದುಕಿ ಬಂದವ್ರು ಅಂತಾರೆ. ಅವ್ರು ಹೇಳೋದಕ್ಕೂ ಇವ್ರು ಬರೆದಿರೋದಕ್ಕೂ ವ್ಯತ್ಯಾಸಾನೇ ಇಲ್ಲ. ಬೆಳಗಿನ ಜಾವ ಬಂದು ಎತ್ಕೊಂಡು ಹೋಗೋದು, ಚಪ್ಪಲಿ ಶೂ ಕಿತ್ಕೊಳ್ಳೋದು, ಲೆವೆಲ್ಲು ಪಾಯಿಂಟು, ಕಾಗ್ದ ಓದೋದು ಎಲ್ಲಾ.

ಆ ಮೀಟಿಂಗ್‌ಗೂ ಒಂದು ಇತಿಹಾಸ ಇದೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡ್ರಿಕ್ ಅನ್ನೋನು ಡ್ರಗ್ಸ್ ಬಿಡಿಸೋಕೆ ಅಂತ ಸಿನನಾನ್ ಅನ್ನೋ ಸಂಸ್ಥೆ ಶುರು ಮಾಡ್ದ. ಅಲ್ಲಿ 'ಗೇಮ್' ಅಂತ ನಡೀತಿತ್ತು, ಒಬ್ಬನ ಸುತ್ತ ಕೂತು ಎಲ್ರೂ ಬೈದು ಅವ್ನನ್ನ ಮುರಿಯೋದು. ದೊಡ್ಡವ್ರಿಗೆ ಅಂತ ಇದ್ದದ್ದನ್ನ 1967ರಿಂದ ಸೀಡು ಅನ್ನೋ ಶಾಲೆ ಮಕ್ಕಳ ಮೇಲೆ ಮಾಡೋಕೆ ಹಿಡೀತು, ಅಲ್ಲಿ ಕೆಲಸ ಮಾಡಿದವ್ರು ಹೊರಗೆ ಬಂದು ತಮ್ಮದೇ ಶಾಲೆಗಳನ್ನ ತೆಗೆದ್ರು, ಹಂಗೇ ಹಬ್ಬಿತು. ಯಾವ ಡಾಕ್ಟರೂ ಕಂಡುಹಿಡಿದ ಚಿಕಿತ್ಸೆ ಅಲ್ಲ ಅದು. 2007ರಲ್ಲಿ ಅಮೆರಿಕಾ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಕಡೆ ಸತ್ತ 10 ಮಕ್ಕಳ ಕೇಸನ್ನ ಬಿಡಿಸಿ ನೋಡಿ ವರದಿ ಕೊಟ್ಟಿದೆ. ಹುಷಾರಿಲ್ಲ, ನೀರು ಬೇಕು ಅಂದ್ರೂ ನಾಟಕ ಮಾಡ್ತಿದೀಯ ಅಂತ ನಂಬದೆ ಬಿಟ್ಟ ಕೇಸುಗಳು ಅದ್ರಲ್ಲಿವೆ.

ಅಮೆರಿಕಾದ್ದೇ ಮೇನ್ ಅನ್ನೋ ರಾಜ್ಯದಲ್ಲಿ ಎಲಾನ್ ಸ್ಕೂಲ್ ಅಂತ ಇಂಥದ್ದೇ ಒಂದು ಶಾಲೆ ಇತ್ತು, ಅದು 2011ರಲ್ಲಿ ಮುಚ್ಚಿದ್ದು, ಅಲ್ಲಿ ಓದಿದವ್ರು ಇಂಟರ್ನೆಟ್ಟಲ್ಲಿ ವರ್ಷಗಟ್ಟಲೆ ಬರೆದೂ ಬರೆದೂ, ಆಮೇಲೆ ಮಕ್ಕಳನ್ನ ಕಳ್ಸೋರೇ ಕಮ್ಮಿಯಾಗಿ. ಪ್ಯಾರಿಸ್ ಹಿಲ್ಟನ್ ಗೊತ್ತಲ್ಲ, ದೊಡ್ಡ ಹೋಟೆಲ್ ಮನೆತನದವಳು, ಅವಳನ್ನೂ ಹುಡುಗಿಯಾಗಿದ್ದಾಗ ಇಲ್ಲಿ ಯೂಟಾದ ಪ್ರೊವೊ ಕ್ಯಾನ್ಯನ್ ಸ್ಕೂಲಿಗೆ ಹಾಕಿದ್ರು. 2021ರಲ್ಲಿ ಇಲ್ಲಿನ ಶಾಸಕರ ಮುಂದೆ ಬಂದು ಅಳ್ತಾ ಸಾಕ್ಷಿ ಹೇಳಿದ್ಲು, ಅದೇ ವರ್ಷ ಕಾನೂನು ಬಂತು. ವರ್ಷಕ್ಕೆ ನಾಕು ಸಲ ಸರ್ಕಾರದವ್ರು ಹೋಗಿ ನೋಡ್ಬೇಕು, ಮಕ್ಕಳು ವಾರಕ್ಕೊಮ್ಮೆ ಮನೆಯವ್ರ ಜೊತೆ ಗುಟ್ಟಾಗಿ, ಸಿಬ್ಬಂದಿ ಕೇಳಿಸ್ಕೊಳ್ಳದ ಹಾಗೆ ಮಾತಾಡೋಕೆ ಬಿಡ್ಲೇಬೇಕು ಅಂತ ಅದ್ರಲ್ಲಿದೆ. ಇಡೀ ದೇಶಕ್ಕೆ ಅಂತ ಇನ್ನೊಂದು ಕಾನೂನಿಗೆ 2024ರ ಡಿಸೆಂಬರಲ್ಲಿ ಸಹಿ ಬಿತ್ತು, ಆದ್ರೆ ಅದು ಅಧ್ಯಯನ ಮಾಡಿ ಶಿಫಾರಸು ಕೊಡಿ ಅನ್ನೋ ಮಟ್ಟದ್ದು ಅಷ್ಟೆ, ಯಾವ ಶಾಲೇನೂ ಮುಚ್ಸಲ್ಲ.

ಇಷ್ಟು ವರ್ಷ, ಇಷ್ಟು ಸಾವು ಆದ್ಮೇಲೆ ಇವ್ರು ಕಾನೂನಲ್ಲಿ ಬರೆಸ್ಕೊಂಡ ಮಾತೇ ನಿಮ್ಮ ಪಾಂಪ್ಲೆಟ್‌ನೋರು ಮೊದಲ್ನೇ ದಿನಾನೇ ಕಿತ್ಕೋತಿರೋದು. ಮಗು ಅಮ್ಮನ ಹತ್ರ ಒಬ್ಬನೇ ಮಾತಾಡಂಗಿಲ್ಲ ಅಂದ್ರೆ ಆ ಜಾಗ ಬೇಡ, ಬೇರೆ ಏನು ಸೌಲಭ್ಯ ಇದ್ರೂ ಬೇಡ.

ಗೌರಿಬಿದನೂರು ಅಪ್ಪ:

ಎಲ್ರೂ ಒಂದೇ ಕಡೆ ಮಾತಾಡ್ತಿದೀರ. ಹಾಸ್ಟೆಲ್ ಅಂದ್ರೇನೇ ಜೈಲು ಅನ್ನೋ ಹಂಗೆ. ತುಮಕೂರು ಕಡೆ ಸಿದ್ಧಗಂಗಾ ಮಠದಲ್ಲಿ ಉಂಡು ಓದಿ ಮೇಲೆ ಬಂದವ್ರು ಮನೆಗೊಬ್ರು ಸಿಗ್ತಾರೆ, ಬೆಳಗ್ಗೆ ಬೇಗ ಏಳೋದು, ಪ್ರಾರ್ಥನೆ, ಸಾಲಲ್ಲಿ ಕೂತು ಊಟ, ಅಲ್ಲೂ ಶಿಸ್ತೇ. ನಮ್ಮಣ್ಣನ ಮಗ ಹಾಸ್ಟೆಲ್ ಸೇರಿದ್ಮೇಲೇನೇ ಮನುಷ್ಯ ಆಗಿದ್ದು. ಮನೇಲಿ ಹುಡುಗ ಕೈ ಎತ್ತೋಕೆ ಶುರು ಮಾಡಿದ್ರೆ ಆ ತಾಯಿ ಏನ್ ಮಾಡ್ಬೇಕು? ಕಳಿಸ್ಬೇಡಿ ಅಂತ ಟೈಪ್ ಮಾಡೋದು ಸುಲಭ, ರಾತ್ರಿ ಆ ಮನೇಲಿ ಮಲಗೋದು ಅವ್ರು. ದಾರಿ ಇದ್ರೆ ಹೇಳಿ, ಬರೀ ಹೆದರಿಸ್ಬೇಡಿ.

ಕೋಲಾರ, ಆಸ್ಪತ್ರೆ ಕೆಲಸ:

ಗೌರಿಬಿದನೂರು ಸರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಸೋಷಿಯಲ್ ವರ್ಕರ್, ಇಂಥ ಮನೆಗಳನ್ನ ದಿನಾ ನೋಡ್ತೀನಿ, ಅದಕ್ಕೆ ಉದ್ದಕ್ಕೆ ಬರೀತೀನಿ.

ಮಠದ ಹಾಸ್ಟೆಲ್ಲು ಓದೋಕೆ ಇರೋ ಜಾಗ, ಮಗು ಅಲ್ಲಿಗೆ ಹೋಗ್ತೀನಿ ಅಂತ ಗೊತ್ತಿದ್ದೇ ಹೋಗುತ್ತೆ, ಹಬ್ಬಕ್ಕೆ ಊರಿಗೆ ಬರುತ್ತೆ. ಇಲ್ಲಿ ಕೇಳ್ತಿರೋದು ಬೇರೆ ತರದ ಜಾಗ, ನಿಮ್ಮ ಮಗನಿಗೆ ಏನೋ ಆಗಿದೆ ನಾವು ವಾಸಿ ಮಾಡ್ತೀವಿ ಅಂತ ದುಡ್ಡು ತಗೊಳ್ಳೋ ಜಾಗ. ಹಂಗಂದ ಮೇಲೆ ಕಾಗ್ದ ಕೇಳಿ. ಶಾಲೆ ಅಂದ್ರೆ ಶಿಕ್ಷಣ ಇಲಾಖೆ ಮಾನ್ಯತೆ ಇರ್ಬೇಕು. ರಕ್ಷಣೆ ಬೇಕಿರೋ ಮಕ್ಕಳನ್ನ ಇಟ್ಕೊಳ್ಳೋ ಸಂಸ್ಥೆ ಅಂದ್ರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಇರ್ಬೇಕು. ಚಿಕಿತ್ಸೆ ಅಂದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನೋಂದಣಿ ಇರ್ಬೇಕು. ಶಾಲೆಯವ್ರು ಕೇಳಿದ್ರೆ ಆಸ್ಪತ್ರೆ, ಆಸ್ಪತ್ರೆಯವ್ರು ಕೇಳಿದ್ರೆ ಗುರುಕುಲ ಅಂತ ಮಧ್ಯದಲ್ಲಿ ನಿಂತಿರೋ ಜಾಗಗಳಲ್ಲೇ ಮಕ್ಕಳಿಗೆ ಏಟು ಬೀಳೋದು, ಯಾಕಂದ್ರೆ ಯಾವ ಇಲಾಖೆಯವ್ರೂ ಹೋಗಿ ಬಾಗ್ಲು ತಟ್ಟಲ್ಲ.

ಮಾನಸಿಕ ಆರೋಗ್ಯ ಕಾಯ್ದೆ 87ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ, 18 ತುಂಬದ ಮಕ್ಕಳನ್ನ ಬೇರೆ ದಾರಿ ಇಲ್ದೆ ಇದ್ರೆ ಮಾತ್ರ ಅಡ್ಮಿಟ್ ಮಾಡ್ಕೋಬೇಕು, ಅದೂ ಇಬ್ರು ಸೈಕಿಯಾಟ್ರಿಸ್ಟ್, ಇಲ್ಲಾ ಒಬ್ರು ಸೈಕಿಯಾಟ್ರಿಸ್ಟ್ ಜೊತೆ ಇನ್ನೊಬ್ರು ಡಾಕ್ಟರೋ ಮಾನಸಿಕ ತಜ್ಞರೋ, ಬೇರೆ ಬೇರೆಯಾಗಿ ನೋಡಿ ಒಪ್ಪಿದ ಮೇಲೆ. 72 ಗಂಟೆ ಒಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸ್ಬೇಕು. ಮಗು ಎಷ್ಟು ದಿನ ಇರುತ್ತೋ ಅಷ್ಟು ದಿನಾನೂ ಮನೆಯವ್ರೊಬ್ರು, ಇಲ್ಲಾ ಅವ್ರು ನೇಮಿಸಿದವ್ರು, ಜೊತೇಲೇ ಇರ್ಲೇಬೇಕು. ಹುಚ್ಚಾಸ್ಪತ್ರೆ ಅಂತ ಜನ ಹೆದರ್ಕೊಳ್ಳೋ ಕಡೇನೇ ಅಮ್ಮ ಪಕ್ಕದಲ್ಲಿ ಮಲಗ್ಬೇಕು ಅನ್ನೋ ಕಾನೂನು ಇರೋವಾಗ ಇವ್ರು ಯಾರು ಮೂರು ತಿಂಗ್ಳು ಬರ್ಬೇಡಿ ಅನ್ನೋಕೆ? ಹೊಡೆದ್ರೆ, ಕೂಡಿ ಹಾಕಿದ್ರೆ ಬಾಲನ್ಯಾಯ ಕಾಯ್ದೆ 75ನೇ ಸೆಕ್ಷನ್ ಬೀಳುತ್ತೆ, ಮಕ್ಕಳನ್ನ ನೋಡ್ಕೊಳ್ಳೋ ಸಂಸ್ಥೆಯವ್ರೇ ಮಾಡಿದ್ರೆ 5 ವರ್ಷದ ತನಕ ಜೈಲು.

ಇನ್ನು ಶಿರಾ ಅಣ್ಣ, ನಿಮ್ಮ ಹುಡುಗನ ವಿಷ್ಯ. ಫೋನ್ ಕಿತ್ಕೊಳ್ಳೋದನ್ನ ಈಗಿಂದೀಗ್ಲೇ ನಿಲ್ಲಿಸಿ, ಅದ್ರಲ್ಲೂ ಆಟದ ಮಧ್ಯೆ, ಅಕ್ಕ ಒಬ್ರೇ ಇರೋವಾಗ. ಜಗಳ ಹತ್ಕೊಂಡ್ರೆ ಅಕ್ಕ ಮನೆಯಿಂದ ಹೊರಗೆ ಬಂದು ಪಕ್ಕದ ಮನೇಲಿ ಕೂರ್ಲಿ, ಜೀವಕ್ಕೆ ಅಪಾಯ ಅನ್ಸಿದ್ರೆ 112ಗೆ ಫೋನ್ ಮಾಡಿ, ಮರ್ಯಾದೆ ನೋಡ್ಬೇಡಿ. ಜಾರಿ ಬಿದ್ದೆ ಅಂತ ಹೇಳ್ಕೊಂಡು ತಿರುಗೋದೂ ಬೇಡ, ಹತ್ತಿರದವ್ರು ಒಬ್ಬಿಬ್ರಿಗೆ ನಿಜ ಗೊತ್ತಿರ್ಲಿ. ಭಾವ ಕೆಲವು ದಿನ ಮಂಡಿ ಬಿಟ್ಟು ರಾತ್ರಿ ಮನೇಲಿರ್ಬೇಕಾಗುತ್ತೆ, ಅದಕ್ಕೆ ಬದಲು ಯಾವುದೂ ಇಲ್ಲ.

ಹುಡುಗ ಸ್ಕೂಲಿಗೆ ಹೋಗದೆ ಇರೋದು ಆಟದಿಂದ ಶುರುವಾಯ್ತಾ, ಇಲ್ಲಾ ಸ್ಕೂಲಲ್ಲಿ ಏನೋ ಆಗಿ ಆಮೇಲೆ ಆಟಕ್ಕೆ ಬಿದ್ನಾ, ಇದನ್ನ ಯಾರಾದ್ರೂ ಕೇಳಿದಾರಾ? ನಾನು ನೋಡಿರೋ ಎಷ್ಟೋ ಮಕ್ಕಳಲ್ಲಿ ಓದೋಕೆ ಅಕ್ಷರಾನೇ ಸರಿಯಾಗಿ ಕೂಡ್ತಿರಲ್ಲ, ಇಲ್ಲಾ ಡಿಪ್ರೆಷನ್ ಇರುತ್ತೆ, ಇಲ್ಲಾ ಬಸ್ಸಲ್ಲೋ ಕ್ಲಾಸಲ್ಲೋ ಯಾರೋ ಕಾಡ್ತಿರ್ತಾರೆ. ಅದು ತಿಳೀದೆ ಫೋನಿಗೇ ಹೊಡೆದ್ರೆ ಏನೂ ಆಗಲ್ಲ.

ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರ್ 14416, 2022ರಿಂದ ಇದೆ, ಯಾವ ಹೊತ್ತಲ್ಲಾದ್ರೂ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನ ನೋಡಿ. ಆಟದ ಚಟಕ್ಕೆ ಅಂತಾನೇ ಬೆಂಗಳೂರು ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಬೇಕಾದ್ರೆ ಅಲ್ಲಿಗೆ ಬರೆದು ಕೊಡ್ತಾರೆ.

ತುಮಕೂರು ಹುಡುಗಿ:

ನನ್ನನ್ನ ಹಾಕಿದ್ದು ಫೋನಿಗಲ್ಲ. ಒಬ್ಬ ಹುಡುಗನ ಜೊತೆ ಮಾತಾಡ್ತಿದ್ದೆ ಅಂತ. ಅಲ್ಲಿ ನನ್ನ ಫೈಲಲ್ಲಿ 'ನಡತೆ ಸರಿಯಿಲ್ಲ' ಅಂತ ಬರೆದಿದ್ರು, ಯಾವ ಡಾಕ್ಟ್ರೂ ನನ್ನ ನೋಡಿರ್ಲಿಲ್ಲ. ಮುಟ್ಟಾದಾಗ ಪ್ಯಾಡ್ ಬೇಕಂದ್ರೂ ಎಲ್ರ ಎದುರಿಗೆ ಕೈ ಎತ್ತಿ ಕೇಳ್ಬೇಕಿತ್ತು. ಒಂದಿನ ನೀರು ಬಿಡೋಕೆ ಬರ್ತಿದ್ದ ಟ್ಯಾಂಕರ್ ಅಣ್ಣನ ಕೈಲಿ ಚಿಕ್ಕಮ್ಮನ ನಂಬರ್ ಬರೆದ ಚೀಟಿ ಕೊಟ್ಟೆ, ಆ ಪುಣ್ಯಾತ್ಮ ಫೋನ್ ಮಾಡ್ದ, ಚಿಕ್ಕಮ್ಮ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ ಜೊತೆಗೆ ತಾನೂ ಬಂದು ಗೇಟಲ್ಲಿ ನಿಂತ್ಲು. ಒಳಗಿರೋ ಮಗುವಿಗೆ ಆ ನಂಬರ್ ಗೊತ್ತಿದ್ರೂ ಮಾಡೋಕೆ ಫೋನ್ ಇರಲ್ಲ, ಹೊರಗಿರೋರು ಮಾಡ್ಬೇಕು.

ಶಿರಾ ಅಣ್ಣ, ನಿಮ್ಮಂಥ ಮಾವ ಒಬ್ರು ಕೇಳ್ತಿದಾರೆ ಅನ್ನೋದೇ ಆ ಹುಡುಗನ ಅದೃಷ್ಟ. ಕೇಳೋದು ಬಿಡ್ಬೇಡಿ.

ಶಿರಾ ಸೀಮೆಯವ:

ಎಲ್ರಿಗೂ ಕೈ ಮುಗೀತೀನಿ. ಕೋಲಾರದ ಮೇಡಂ ಹೇಳ್ದಂಗೆ ಆ ಜಾಗಕ್ಕೆ ಫೋನ್ ಮಾಡಿ ನಿಮ್ದು ಯಾವ ಕಾಯ್ದೆಯಲ್ಲಿ ನೋಂದಣಿ ಅಂತ ಕೇಳ್ದೆ. ನಮ್ದು ಸಂಸ್ಕಾರ ಕೊಡೋ ಜಾಗ ಸಾರ್, ಅದಕ್ಕೆಲ್ಲ ನೋಂದಣಿ ಬೇಕಿಲ್ಲ ಅಂದ್ರು. ಸೈಕಿಯಾಟ್ರಿಸ್ಟ್ ಯಾರು ಅಂದ್ರೆ ಬಂದಾಗ ಹೇಳ್ತೀವಿ ಅಂದ್ರು. ಚಿಂತಾಮಣಿ ತಮ್ಮ ಬರೆದಿದ್ದನ್ನ ಅಕ್ಕನಿಗೆ ಓದಿ ಹೇಳ್ದೆ, ಬಾಗ್ಲು ತೆಗೀಲಿಲ್ಲ ಅನ್ನೋ ಕಡೆ ಬರ್ತಿದ್ದಂಗೆ ಸಾಕು ನಿಲ್ಸು ಅಂದ್ಲು, ಮಗ ಎಲ್ಲಿಗೂ ಹೋಗಲ್ಲ ಅಂತ ಭಾವನಿಗೂ ಹೇಳಿದಾಳೆ. ಭಾವ ಪೂರ್ತಿ ಒಪ್ಪಿಲ್ಲ, ಆದ್ರೆ ಡಾಕ್ಟ್ರ ಹತ್ರ ಬರ್ತೀನಿ ಅಂದಿದಾರೆ. ಹುಡುಗ ಮಾತ್ರ ನಾನು ಹುಚ್ಚನಲ್ಲ ಬರಲ್ಲ ಅಂತಿದಾನೆ. ಅವ್ನನ್ನ ಬಿಟ್ಟು ನಾವು ಹೋದ್ರೆ ನೋಡ್ತಾರಾ ಮೇಡಂ?

ಕೋಲಾರ, ಆಸ್ಪತ್ರೆ ಕೆಲಸ:

ನೋಡ್ತಾರೆ. ಮೊದಲ್ನೇ ಸಲ ಅಪ್ಪ ಅಮ್ಮ ಇಬ್ರೇ ಬಂದ್ರೂ ಆಗುತ್ತೆ, ಎಷ್ಟೋ ಜನ ಹಂಗೇ ಬರೋದು. ಯಾವಾಗಿಂದ ನಿದ್ದೆ ಕೆಟ್ಟಿದೆ, ಸ್ಕೂಲ್ ಯಾವಾಗ ಬಿಟ್ಟ, ಊಟ ಹೆಂಗೆ, ಸಾಯ್ತೀನಿ ಅನ್ನೋ ಮಾತು ಯಾವತ್ತಾದ್ರೂ ಆಡಿದಾನಾ, ಇದನ್ನ ಒಂದು ಹಾಳೇಲಿ ಬರ್ಕೊಂಡು ಹೋಗಿ. ಹೋಗೋದನ್ನ ಹುಡುಗನಿಂದ ಮುಚ್ಚಿಡ್ಬೇಡಿ. ನಿನಗೆ ಹುಚ್ಚು ಅಂತಲ್ಲ, ನಮಗೆ ನಿನ್ನ ಜೊತೆ ಹೆಂಗೆ ಇರ್ಬೇಕು ಗೊತ್ತಾಗ್ತಿಲ್ಲ, ಕೇಳ್ಕೊಂಡು ಬರೋಕೆ ಹೋಗ್ತಿದೀವಿ ಅಂತ ಭಾವನೇ ಹೇಳ್ಲಿ.