ವಾಲ್ಯೂಮ್ 7ಕ್ಕ ಇಳಿಸಿದ್ರ ಸೌಂಡ್ ಮಬ್ಬು, ಬೂಸ್ಟ್ ಒತ್ತಿದ್ರೂ ಸೋಲೋ ಕೇಳಂಗಿಲ್ಲ

ರಾಯಚೂರು_ಲೀಡ್:
ನಮಸ್ಕಾರ ರೀ ಎಲ್ಲಾರ್ಗೂ. ರಾಯಚೂರಿನಾಗ ಒಂದು ಆರ್ಕೆಸ್ಟ್ರಾದಾಗ ಗಿಟಾರ್ ಬಾರಸ್ತೀನಿ. ಮದುವಿ ರಿಸೆಪ್ಷನ್, ಜಾತ್ರಿ, ಗಣಪತಿ ಮುಂದಿನ ರಸಮಂಜರಿ, ಎಲ್ಲಾ ಇಂಥವೇ. ಎರಡು ತ್ರಾಸ ಅವ.

ಒಂದು: ಹಾಡೋರು ಚರಣಕ್ಕ ಬಂದಾಗ ನಾ ಹಿಂದ ಸರೀಬೇಕಲ್ಲ, ಗಿಟಾರಿನ ವಾಲ್ಯೂಮ್ ನಾಬ್ 10ರಿಂದ 7ಕ್ಕ ಇಳಸ್ತೀನಿ. ಸೌಂಡ್ ಸಣ್ಣ ಆಗ್ತದ, ಅದು ಸರಿ. ಆದ್ರ ಕಂಬಳಿ ಹೊದ್ಕೊಂಡು ಮಾತಾಡಿದಂಗ ಮಬ್ಬಾಗ್ತದ. ಎರಡು: ಸೋಲೋ ಬಂದಾಗ ಬೂಸ್ಟ್ ಪೆಡಲ್ ಒತ್ತಿದ್ರ ಜೋರಾಗಂಗಿಲ್ಲ, ಬರೇ ಕರಕರ ಹೆಚ್ಚಾಗ್ತದ. ಹೋದ ವಾರ ಲಿಂಗಸುಗೂರು ಕಡೆ ಒಂದು ಜಾತ್ರ್ಯಾಗ ಸ್ಟೇಜ್ ಇಳಿದ ಮ್ಯಾಲ ಕೀಬೋರ್ಡ್ ಅಣ್ಣಾರು "ಇವತ್ತ ಸೋಲೋ ಬಿಟ್ಟಿ ಏನೋ?" ಅಂತ ಕೇಳಿದ್ರು. ನಾ ಬೆವರು ಸುರಿಸಿ ಬಾರಿಸಿದ್ದೆ ರೀ.

ಸಾಮಾನು ಹಿಂಗದ: ಎರಡು ಹಂಬಕರ್ (ತಂತಿಯ ನಡುಕ ಹಿಡಿಯೋ ಜೋಡಿ ಕಾಯಿಲಿನ ಪಿಕಪ್) ಇರೋ ಒಂದು ಗಿಟಾರ್, ಟ್ಯೂನರ್, ಬೂಸ್ಟ್, ಓವರ್‌ಡ್ರೈವ್ (ಸೌಂಡಿಗೆ ಕರಕರ ಕೊಡೋದು), ಡಿಲೇ (ಎಕೋ), ಅಲ್ಲಿಂದ 40 ವಾಟ್ ಟ್ರಾನ್ಸಿಸ್ಟರ್ ಆ್ಯಂಪು, ಅದರ ಮುಂದ ಸೌಂಡ್‌ನೋರ ಮೈಕು. ರಿಪೇರಿಯವ "ಪಿಕಪ್ಪೇ ಹೋಗ್ಯದ, ಹೊಸಾದು ಹಾಕ್ಸು" ಅಂತಾನ. ಹೌದೇನ್ರಿ?

ಗಂಗಾವತಿ_ಬಾಸ್:
ಪಿಕಪ್ ಹೋಗಿದ್ರ 10ರ ಮ್ಯಾಲೂ ಮಬ್ಬ ಇರ್ತಿತ್ತಲ್ಲ ತಮ್ಮಾ. ರೊಕ್ಕ ಕೊಡಬ್ಯಾಡ.

ಹೊಸ_ತಂತಿ:
ವಾಲ್ವ್ ಆ್ಯಂಪ್ ತಗೊಳ್ಳಿ ಸರ್, ಎಲ್ಲ ತಾನೇ ಸರಿಹೋಗುತ್ತೆ.

ಬಳ್ಳಾರಿ_ಬೆಸುಗೆ:
ಗಾಜಿನ ಕೊಳವೆಗಳ ಆ ಭಾರದ ವಾಲ್ವ್ ಆ್ಯಂಪನ್ನ ಟೆಂಪೋದಲ್ಲಿ ಹಾಕ್ಕೊಂಡು ಜಾತ್ರೆಗೆ ಹೋಗಿ, ರಾತ್ರಿ ಎರಡಕ್ಕೆ ಇಳಿಸಿಕೊಂಡು ಬಂದೋರು ಹೇಳೋ ಮಾತಲ್ಲ ಇದು.

ಲೀಡ್ ಅವರೇ, ಮೊದಲು ಇಷ್ಟು ನೋಡಿ ಹೇಳಿ. ಗಿಟಾರಿಂದ ಪೆಡಲ್ ಬೋರ್ಡಿಗೆ ಕೇಬಲ್ ಎಷ್ಟುದ್ದ, ಬೋರ್ಡಿಂದ ಆ್ಯಂಪಿಗೆ ಎಷ್ಟು? ಆಮೇಲೆ ಪೆಡಲ್ ಎಲ್ಲ ಬಿಚ್ಚಿಟ್ಟು, ಮನೇಲಿರೋ ಅತಿ ಗಿಡ್ಡ ಕೇಬಲ್‌ನಲ್ಲಿ ಗಿಟಾರ್ ನೇರ ಆ್ಯಂಪಿಗೆ ಹಾಕಿ ನಾಬ್ 7ಕ್ಕೆ ಇಳಿಸಿ. ಮತ್ತೆ ಪೂರ್ತಿ ಬೋರ್ಡ್ ಜೋಡಿಸಿ, ಎಲ್ಲ ಪೆಡಲ್ ಆಫ್ ಇಟ್ಟು 7ಕ್ಕೆ ಇಳಿಸಿ. ಕೊನೇಗೆ ಡಿಲೇ ಒಂದನ್ನೇ ಆನ್ ಮಾಡಿ, ಅದರ ಮಿಕ್ಸ್ (ಎಕೋ ಎಷ್ಟು ಬೆರೀಬೇಕು ಅನ್ನೋ ನಾಬ್) ಸೊನ್ನೆಗೆ ತಂದು ಅದನ್ನೇ ಮಾಡಿ. ಮೂರರಲ್ಲೂ ಒಂದೇ ಥರ ಮಬ್ಬು ಬಂದ್ರೆ ಪಾಟ್ (ವಾಲ್ಯೂಮ್ ನಾಬಿನ ಕೆಳಗಿರೋ, ತಿರುಗಿಸೋ ರೆಸಿಸ್ಟರ್) ನೋಡೋಣ.

ರಾಯಚೂರು_ಲೀಡ್:
ಮಾಡಿ ನೋಡಿದೆ ರೀ. ಎರಡೂ ಕೇಬಲ್ 6-6 ಮೀಟರ್. 3 ಮೀಟರ್ ಕೇಬಲ್‌ನಾಗ ನೇರ ಆ್ಯಂಪಿಗೆ ಹಾಕಿದ್ರ 7ರ ಮ್ಯಾಲೂ ಬಾಳ ಮಬ್ಬಿಲ್ಲ. ಬೋರ್ಡ್ ಜೋಡಿಸಿ ಎಲ್ಲಾ ಆಫ್ ಇಟ್ರ ಕಂಬಳಿ ಬಂತು. ಡಿಲೇ ಆನ್ ಮಾಡಿದ ಕೂಡ್ಲೇ ಅರ್ಧ ಕಂಬಳಿ ಸರಿದಂಗಾತು! ಮಿಕ್ಸ್ ಸೊನ್ನಿ ಇದ್ರೂನೂ. ಇದೆಂಥಾ ಮಾಟ?

ಬಳ್ಳಾರಿ_ಬೆಸುಗೆ:
ಮಾಟ ಅಲ್ಲ, ಕೇಬಲ್. ಪಿಕಪ್ಪೂ ಚೆನ್ನಾಗೈತೆ, ಪಾಟೂ ಚೆನ್ನಾಗೈತೆ.

ಗಿಟಾರ್ ಕೇಬಲ್ ಒಳಗಿನ ತಂತಿ, ಸುತ್ತಲಿನ ಜಾಲರಿ, ಎರಡೂ ಸೇರಿ ಒಂದು ಉದ್ದನೆಯ ಕೆಪ್ಯಾಸಿಟರ್. ಸಾಧಾರಣ ಕೇಬಲ್‌ಗೆ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಲೆಕ್ಕ ಇಟ್ಕೊಳ್ಳಿ. ನಿಮ್ಮ ಪೆಡಲ್‌ಗಳು ಟ್ರೂ ಬೈಪಾಸ್ ಇರಬೇಕು, ಅಂದ್ರೆ ಆಫ್ ಇದ್ದಾಗ ಬರೀ ತಂತಿ ಇದ್ದಂಗೆ. ಎಲ್ಲ ಆಫ್ ಮಾಡಿದಾಗ 12 ಮೀಟರ್ ಕೇಬಲ್, 1200 ಪಿಕೋಫ್ಯಾರಡ್, ಪೂರ್ತಿ ನಿಮ್ಮ ಗಿಟಾರಿಗೇ ನೇತಾಡುತ್ತೆ. ಈ ಕೆಪ್ಯಾಸಿಟರ್ ಟ್ರೆಬಲ್ಲನ್ನ ಮಾತ್ರ ನೆಲಕ್ಕೆ, ಅಂದ್ರೆ ಗ್ರೌಂಡಿಗೆ, ಸೋರಿಸುತ್ತೆ.

ತುಂಗಭದ್ರಾ ಕಾಲುವೆ ಕೊನೇ ಭಾಗದ ರೈತರನ್ನ ಕೇಳಿ. ಗೇಟ್ ಪೂರ್ತಿ ಎತ್ತಿದಾಗ ದಾರೀಲಿ ಸೋರಿದ್ರೂ ಒಂದಿಷ್ಟು ನೀರು ತಲುಪುತ್ತೆ. ಗೇಟ್ ಇಳಿಸಿದ್ರೆ ಸೋರೋದೇ ದೊಡ್ಡದು, ಹೊಲಕ್ಕೆ ಬರೋದು ಇಲ್ಲ. ನಾಬ್ 10ರಲ್ಲಿದ್ದಾಗ ಪಿಕಪ್ ನೇರ ಕೇಬಲ್‌ಗೆ ಸೇರಿರುತ್ತೆ. ಇಳಿಸಿದಾಗ ನಡುವೆ ಪಾಟಿನ ಓಮ್ ಬಂತು. ಹಂಬಕರ್ ಗಿಟಾರಿಗೆ ಸಾಮಾನ್ಯವಾಗಿ 500 ಕಿಲೋ ಓಮ್ ಪಾಟ್ ಇರುತ್ತೆ. ಅದರ ಓಮ್ ಎರಡೂ ಕಡೆ ಅರ್ಧರ್ಧ, 250-250 ಕಿಲೋ ಓಮ್, ಹಂಚಿಕೊಂಡಾಗ ಎರಡೂ ಪಕ್ಕಪಕ್ಕ ಸೇರಿ ಸಿಗ್ನಲ್ಲಿಗೆ 125 ಕಿಲೋ ಓಮ್ ಅಡ್ಡ ನಿಂತಂಗೆ. ಲಾಗ್ ಪಾಟ್‌ನಲ್ಲಿ (ತಿರುಗಿಸಿದಂಗೆ ಓಮ್ ಒಂದೇ ಸಮ ಬದಲಾಗದ ಪಾಟ್) ಈ ಅರ್ಧದ ಜಾಗ ಬರೋದು ನಾಬಿನ 7-8ರ ಹತ್ತಿರ, 5ಕ್ಕಲ್ಲ. ಅದಕ್ಕೇ ನಿಮಗೆ 7ಕ್ಕೇ ಕಂಬಳಿ ಬಿತ್ತು. 125 ಕಿಲೋ ಓಮ್, 1200 ಪಿಕೋಫ್ಯಾರಡ್ ಸೇರಿದ್ರೆ ಸುಮಾರು 1000 ಹರ್ಟ್ಸ್‌ನಿಂದಲೇ ಟ್ರೆಬಲ್ ಇಳಿಯೋಕೆ ಶುರು. 3 ಮೀಟರ್ ಕೇಬಲ್ ಆದ್ರೆ 4000 ಹರ್ಟ್ಸ್‌ವರೆಗೂ ಬದುಕಿರುತ್ತೆ. ಡಿಲೇ ಆನ್ ಮಾಡಿದ್ರೆ ಅದರೊಳಗಿನ ಸರ್ಕ್ಯೂಟು ಬಫರ್ ಥರ ನಡುವೆ ನಿಲ್ಲುತ್ತೆ, ಅದರಾಚೆಯ 6 ಮೀಟರ್‌ನ ಭಾರ ಗಿಟಾರಿಗಿಲ್ಲ. ಅದು ನಿಮ್ಮ ಅರ್ಧ ಕಂಬಳಿ.

ಬಫರ್ ಕೊಂಡ್ಕೊಂಡು ಬೋರ್ಡಿನ ಮುಂದೆ ಹಾಕಿದ್ರೂ ಈ ಅರ್ಧವೇ ಹೋಗೋದು. ಗಿಟಾರಿಂದ ಬೋರ್ಡ್‌ವರೆಗಿನ ಕೇಬಲ್ ಹಂಗೇ ಉಳೀತು. ಆದ್ರಿಂದ ಆ ಕೇಬಲ್ ಗಿಡ್ಡ ಮಾಡಿ, ಜೊತೆಗೆ ಟ್ರೆಬಲ್ ಬ್ಲೀಡ್ ಹಾಕಿ, ಅಂದ್ರೆ ನಾಬ್ ಇಳಿಸಿದಾಗಲೂ ಟ್ರೆಬಲ್ ದಾಟೋಕೆ ಒಂದು ಅಡ್ಡದಾರಿ. 1000 ಪಿಕೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಒಂದು, ಮೇಲೆ 102 ಅಂತ ಅಚ್ಚಾಗಿರುತ್ತೆ. 150 ಕಿಲೋ ಓಮ್ ರೆಸಿಸ್ಟರ್ ಒಂದು. ಪಟ್ಟಿ ಕಂದು, ಹಸಿರು, ಹಳದಿ. ಎರಡರ ಕಾಲೂ ಪಕ್ಕಪಕ್ಕ ಸೇರಿಸಿ ಹೊಸೆದು, ಒಂದು ತುದಿ ಪಿಕಪ್ ತಂತಿ ಬರೋ ಕಾಲಿಗೆ, ಇನ್ನೊಂದು ತುದಿ ಪಾಟಿನ ನಡುವಿನ ಕಾಲಿಗೆ. ಗ್ರೌಂಡಿನ ಕಾಲು ಮುಟ್ಟಬೇಡಿ. ಬೆಸುಗೆ ಕಬ್ಬಿಣ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದ್ರೆ ಪಾಟ್ ಒಳಗಿನ ಪಟ್ಟಿ ಸುಡುತ್ತೆ. ನಾನು ಸುಟ್ಟಿದ್ದೀನಿ, ಅದೂ ಗೆಳೆಯನ ಗಿಟಾರಲ್ಲಿ.

ರಾಯಚೂರು_ಲೀಡ್:
ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ ರೀ. ತೀನ್ ಕಂದೀಲ್ ಕಡೆ ರೇಡಿಯೋ ಸಾಮಾನಿನ ಅಂಗಡಿ ಅದ, ನಾಳೆ ಹೋಗ್ತೀನಿ. ಬೂಸ್ಟಿನ ಕಥಿ ಏನು?

ಬಳ್ಳಾರಿ_ಬೆಸುಗೆ:
ಬೂಸ್ಟ್ ಓವರ್‌ಡ್ರೈವ್‌ಗಿಂತ ಮುಂಚೆ ಕೂತೈತೆ. ಓವರ್‌ಡ್ರೈವ್ ಒಳಗೆ ಡಯೋಡ್‌ಗಳು ಅಲೆಯ ನೆತ್ತಿ ಕತ್ತರಿಸೋ ಕೆಲಸ ಮಾಡ್ತವೆ. ಸಿಲಿಕಾನ್ ಡಯೋಡ್ ಆದ್ರೆ ಸುಮಾರು 0.6 ವೋಲ್ಟ್‌ನಲ್ಲಿ. ನೀವು ಮುಂದಿನಿಂದ ಎಷ್ಟು ನೂಕಿದ್ರೂ ಮೇಲ್ಭಾಗ ಕತ್ತರಿಸಿಯೇ ಹೊರಗೆ ಬಿಡುತ್ತೆ. ಎತ್ತರ ಬೆಳೆಯಲ್ಲ, ಅಲೆ ಚೌಕ ಆಗುತ್ತೆ. ಅದೇ ಕರಕರ. ಬೂಸ್ಟನ್ನ ಓವರ್‌ಡ್ರೈವ್ ಆದಮೇಲೆ, ಡಿಲೇಗೆ ಮುಂಚೆ ಹಾಕಿ. ಆಗ ಬಣ್ಣ ಅದೇ ಇದ್ದು ಜೋರು ಮಾತ್ರ ಏರುತ್ತೆ. ಆ್ಯಂಪಿನ ಮಾಸ್ಟರ್ ಆಗಲೇ ತುದೀಲಿದ್ರೆ ಅಲ್ಲೂ ಏರೋಕೆ ಜಾಗ ಇರಲ್ಲ, ಸ್ವಲ್ಪ ಇಳಿಸಿಡಿ. ಮೈಕ್ ಐತಲ್ಲ, ಜನಕ್ಕೆ ಕೇಳಿಸೋದು ಅದರಿಂದ.

ಇನ್ನೊಂದು, ಪೆಡಲ್‌ಗಿಂತ ಇದು ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ನೀವು ನಾಬ್ 10ರಲ್ಲಿಟ್ಟು ಓವರ್‌ಡ್ರೈವ್ ಸೆಟ್ ಮಾಡಿರ್ತೀರಿ, ಎಲ್ಲರೂ ಹಂಗೇ ಮಾಡೋದು. ಒಮ್ಮೆ 7ರಲ್ಲಿಟ್ಟು, ಹಾಡಿನ ಹಿಂದೆ ಬೇಕಾದ ಸೌಂಡ್ ಅಲ್ಲೇ ಸಿಗೋ ಹಂಗೆ ಗೇನ್ ತಿರುಗಿಸಿ. ಆಗ 7ರಿಂದ 10ರವರೆಗಿನ ಜಾಗ ನಿಮ್ಮ ಕಿರುಬೆರಳಲ್ಲೇ ಇರುತ್ತೆ. ಚರಣಕ್ಕೆ 5, ಪಲ್ಲವಿಗೆ 7, ಸೋಲೋಗೆ 10. ಅರ್ಧ ಹಾಡುಗಳಿಗೆ ಬೂಸ್ಟ್ ಒತ್ತೋದೇ ಬೇಕಾಗಲ್ಲ.

ಗಂಗಾವತಿ_ಬಾಸ್:
ಸೌಂಡ್‌ನೋರನ್ನ ಮರೀಬ್ಯಾಡ್ರಿ. ಸೌಂಡ್ ಚೆಕ್‌ನಾಗ ನೀ ಮೆತ್ತಗ ಬಾರಿಸಿ ತೋರ್ಸಿರ್ತಿ, ಆಮ್ಯಾಲ ಸೋಲೋ ಹೊಡದ ಕೂಡ್ಲೇ ಆತ ಗಾಬರಿ ಆಗಿ ಮಿಕ್ಸರಿನಾಗ ನಿನ್ನ ಫೇಡರ್ (ಸೌಂಡ್ ಏರಿಸಿ ಇಳಿಸೋ ಗುಂಡಿ) ಕೆಳಗ ಎಳೀತಾನ. ಮೊದಲು ಸೋಲೋ ಸೌಂಡೇ ಬಾರಿಸಿ ತೋರ್ಸು, ಆತ ಅದಕ್ಕ ಗುರುತು ಇಟ್ಕೊಳ್ಳಲಿ.

ರಾಯಚೂರು_ಲೀಡ್:
ಅಯ್ಯೋ ಅಣ್ಣಾರ, ಅದೇ ಆಗಿರಬೇಕು ಲಿಂಗಸುಗೂರಿನಾಗ! ಒಂದು ವಾಲ್ಯೂಮ್ ಪೆಡಲ್ ತಗೊಂಡ್ರ ಕೈ ಬಿಡುವು ಆಗ್ತದಂತ. ಮತ್ತ ಗೆಳೆಯನೊಬ್ಬ ಹಳೇ ಜರ್ಮೇನಿಯಂ ಫಜ್ (ಇನ್ನೂ ಒರಟು ಕರಕರ ಕೊಡೋ ಪೆಡಲ್) ಮಾರ್ಲಿಕತ್ತಾನ, ನಾಬ್ ಇಳಿಸಿದ್ರ ಕ್ಲೀನ್ ಆಗ್ತದಂತ. ತಗೊಳ್ಲೇನು?

ಬಳ್ಳಾರಿ_ಬೆಸುಗೆ:
ವಾಲ್ಯೂಮ್ ಪೆಡಲ್ ಓವರ್‌ಡ್ರೈವ್‌ಗಿಂತ ಮುಂಚೆ ಇಟ್ರೆ ಗಿಟಾರ್ ನಾಬಿನ ಕೆಲಸವನ್ನೇ ಮಾಡುತ್ತೆ: ಕಾಲು ಹಿಂದೆ ಎಳೆದಂಗೆ ಕರಕರ ಕಮ್ಮಿ. ಆದಮೇಲೆ ಇಟ್ರೆ ಕರಕರ ಹಂಗೇ, ಜೋರು ಮಾತ್ರ ಕಮ್ಮಿ. ಡಿಲೇಗೆ ಮುಂಚೆ ಇದ್ರೆ ನೀವು ನಿಲ್ಲಿಸಿದರೂ ಡಿಲೇಯ ಬಾಲ ಮೆಲ್ಲಗೆ ಮುಗಿಯುತ್ತೆ. ನಿಮಗೆ ಸದ್ಯಕ್ಕೆ ಬೇಕಿಲ್ಲ.

ಗಂಗಾವತಿ_ಬಾಸ್:
ಫಜ್ ಬಗ್ಗೆ ನನ್ನ ಕೇಳು. ನಾಬ್ ಇಳಿಸಿದ್ರ ಕ್ಲೀನ್ ಆಗೋದು ಖರೇ, ಚಂದಾನೂ ಐತಿ. ಆದ್ರ ಅದಕ್ಕ ಗಿಟಾರ್ ನೇರ ಬರಬೇಕು, ಮುಂದ ಬಫರ್ ಇಟ್ರ ಸೌಂಡ್ ಚುಚ್ಚತೈತಿ, ನಾಬಿನ ಮಾತೂ ಕೇಳಂಗಿಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರ್‌ಗೆ ನಮ್ಮ ಬಿಸಿಲು ಆಗಂಗಿಲ್ಲ. ಸೆಕೆ ಏರಿದಂಗ ಒಳಗಿನ ಲೀಕೇಜ್ ಕರೆಂಟ್ ಏರತೈತಿ, ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡೋ ಮಟ್ಟ) ಜಾಗ ಬಿಡ್ತೈತಿ. ಒಂದು ಬ್ಯಾಸಿಗ್ಯಾಗ ಮಧ್ಯಾಹ್ನ ಮೂರಕ್ಕ ಸೌಂಡ್ ಚೆಕ್, ಪೆಡಲ್ ಉಸಿರು ಕಟ್ಟಿದಂಗ ಪುಸುಪುಸು ಅಂತು. ತಗೊಂಡು ಹೋಗಿ ಅಡಿಗಿ ಭಟ್ಟರ ಕೂಲರ್ ಮುಂದ ಇಟ್ಟೆ. ಅರ್ಧ ತಾಸಿಗೆ ಸರಿ ಆತು. ಭಟ್ಟರು ಅದನ್ನ ಏನಂತ ತಿಳ್ಕೊಂಡ್ರೋ, ಮ್ಯಾಲ ಒಂದು ತಟ್ಟಿ ಮುಚ್ಚಿದ್ರು. ಸಿಲಿಕಾನ್ ಫಜ್ ತಗೋ, ರಾಯಚೂರಿಗೆ ಅದೇ ಸೈ.

ಬಳ್ಳಾರಿ_ಬೆಸುಗೆ:
ಹಳೇ ಜರ್ಮೇನಿಯಂ ಫಜ್‌ಗಳು ಎಷ್ಟೋ ಪಾಸಿಟಿವ್ ಗ್ರೌಂಡಿನವು, ಅಂದ್ರೆ ಗ್ರೌಂಡಿಗೆ ಮೈನಸ್ ಬದಲು ಪ್ಲಸ್ ಸೇರಿರುತ್ತೆ. ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿನ ಸರಪಳಿ ತಂತಿಗೆ ಸಿಕ್ಕಿಸಿದ್ರೆ ಶಾರ್ಟು. ಬ್ಯಾಟರಿಯಲ್ಲೋ, ಅದಕ್ಕೇ ಅಂತ ಬೇರೆ ಅಡಾಪ್ಟರಿನಲ್ಲೋ ಓಡಿಸಬೇಕು.

(ಅಂದಹಾಗೆ ನಮ್ಮ ಮನೆ ಪಕ್ಕ ಜೀನ್ಸ್ ಹೊಲಿಯೋ ಶೆಡ್ ಐತೆ. ಮೋಟರ್ ಶುರುವಾದ್ರೆ ನನ್ನ ಸಿಂಗಲ್ ಕಾಯಿಲ್ ಗಿಟಾರ್ ಗುಂಯ್ ಅನ್ನುತ್ತೆ. ಅದಕ್ಕಿನ್ನೂ ಮದ್ದು ಸಿಕ್ಕಿಲ್ಲ.)

ರಾಯಚೂರು_ಲೀಡ್:
ಒಂಬತ್ತು ದಿನ ಆದ ಮ್ಯಾಲ ಬಂದೀನಿ, ಕ್ಷಮಿಸ್ರಿ. ಬೂಸ್ಟ್ ಹಿಂದಕ್ಕ ಹಾಕಿದೆ, ಗೇನ್ 7ರ ಮ್ಯಾಲ ಸೆಟ್ ಮಾಡಿದೆ, ಗಿಟಾರ್ ಕೇಬಲ್ 3 ಮೀಟರ್ ಮಾಡಿದೆ, ಟ್ರೆಬಲ್ ಬ್ಲೀಡ್ ನಾನೇ ಬೆಸುಗಿ ಹಾಕಿದೆ. ನಿನ್ನೆ ರಿಸೆಪ್ಷನ್‌ನಾಗ ಕೀಬೋರ್ಡ್ ಅಣ್ಣಾರು ತಿರುಗಿ ನೋಡಿದ್ರು, "ಸ್ವಲ್ಪ ಕಡಿಮಿ ಮಾಡೋ" ಅಂದ್ರು! ಇನ್ನೊಂದೇ ಕೊರತಿ: ನಾಬ್ 3ಕ್ಕ ಇಳಿಸಿದ್ರ ಈಗ ಉಲ್ಟಾ, ತೆಳ್ಳಗ ತಗಡಿನಂಗ ಕೇಳ್ತದ.

ಬಳ್ಳಾರಿ_ಬೆಸುಗೆ:
ಕೇಬಲ್ ಗಿಡ್ಡ ಆಯ್ತಲ್ಲ, ಸೋರಿಕೆ ಕಮ್ಮಿ ಆಯ್ತು, 102 ಈಗ ಹೆಚ್ಚಾಯ್ತು. ಅದನ್ನ ತೆಗೆದು 680 ಪಿಕೋಫ್ಯಾರಡ್ ಹಾಕಿ, ಮೇಲೆ 681 ಅಂತಿರುತ್ತೆ. ರೆಸಿಸ್ಟರ್ ಹಂಗೇ ಇರಲಿ.

ರಾಯಚೂರು_ಲೀಡ್:
681 ಸಿಕ್ಕತು ರೀ. ಒಂದು ಕೇಳಿದ್ರ ಅಂಗಡಿಯಪ್ಪ ಚಿಲ್ಲರ ಇಲ್ಲಂತ ಐದು ಕೊಟ್ಟಾನ. ನಾಲ್ಕು ಉಳದಾವ, ಈ ಕಡೆ ಯಾರಿಗರ ಬೇಕಿದ್ರ ಹೇಳ್ರಿ.