ಪಾರ್ಟ್ ಎಷ್ಟು ಕಿಲೋಮೀಟರ್ ಓಡಿದೆ, ಲೆಕ್ಕ ಇಡೋದು ಹೇಗೆ?

ಪ್ರಶ್ನೆ: ನನ್ ಹತ್ರ ಎರಡು ಸೈಕಲ್ ಇದೆ, ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕ್ತಾ ಇರ್ತೀನಿ, ಹಂಗಾಗಿ ಯಾವ ಟೈರು, ಯಾವ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲಿನ ಗೇರ್ ಸೆಟ್) ಎಷ್ಟು ಓಡಿದೆ ಅಂತಾನೇ ಗೊತ್ತಾಗಲ್ಲ. ನೀವೆಲ್ಲ ಏನ್ಮಾಡ್ತೀರಾ?

ಉತ್ತರ: ಸ್ಪ್ರೆಡ್‌ಶೀಟ್ ಸಾಕು. ಹಾಕಿದಾಗಿನ ಓಡೋಮೀಟರ್, ತೆಗೆದಾಗಿನದು, ಕಳೀರಿ. ಚಕ್ರಕ್ಕೆ ಒಂದು ಹೆಸರು ಕೊಟ್ಬಿಡಿ.

ಉತ್ತರ: ಚೈನ್ ವಿಷ್ಯದಲ್ಲಿ ಕಿಲೋಮೀಟರ್ ನಂಬ್ಬೇಡಿ ಗುರು, ಕೆಸರಲ್ಲಿ ಓಡಿಸಿದ್ರೆ ಬೇಗ ಸವೆಯುತ್ತೆ. ಸ್ಕೇಲ್ ಇಟ್ಟು ಅಳೀರಿ, ಸೊನ್ನೆಗೆ ಚೈನಿನ ಒಂದು ಪಿನ್ (ಕೊಂಡಿಗಳನ್ನ ಜೋಡಿಸೋ ಕಡ್ಡಿ) ಇಟ್ರೆ ಹೊಸ ಚೈನಲ್ಲಿ ಅಲ್ಲಿಂದ ಮುಂದಿನ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರುತ್ತೆ, 1/16 ಇಂಚು ಆಚೆ ಹೋಗಿದ್ರೆ ಸುಮಾರು 0.5% ಸವೆದಿದೆ ಅಂತ, ಬದಲಾಯ್ಸಿ, ಇಲ್ಲಾಂದ್ರೆ ಕ್ಯಾಸೆಟ್ಟನ್ನೂ ತಿನ್ನುತ್ತೆ.

ಪ್ರಶ್ನೆ ಕೇಳಿದವರು: ಬ್ರೇಕ್ ಪ್ಯಾಡು?

ಉತ್ತರ: ಅದಕ್ಯಾಕ್ರೀ ಲೆಕ್ಕ, ಕಣ್ಣಲ್ಲೇ ಕಾಣುತ್ತಲ್ಲ!