ಮಗುವಿನ ಕೈಗೆ ಆಗುವ ಕೆಲಸ ಕೊಡು ಪುಟ್ಟಿ, ಕಿಟ್ ಆಮೇಲೆ ನೋಡೋಣ

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ ಕಣೇ. ಅಷ್ಟರಲ್ಲಿ ಗ್ರೂಪಿನಲ್ಲಿ ಎಲ್ಲರೂ ಒಂದೊಂದು ಲಿಂಕ್ ಹಾಕಿದ್ದಾರೆ. ನಾನು ಹೇಳೋದು ಸ್ವಲ್ಪ ಉದ್ದ ಆಗುತ್ತದೆ. ಒಲೆ ಮುಂದೆ ನಿಂತಾಗ ಕೇಳಿಸಿಕೋ.

ನೀನು ಕೇಳಿದ್ದು ಇಷ್ಟು ಅಲ್ವಾ? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಇಬ್ಬರೂ ಮನೆಯಲ್ಲೇ. ದೊಡ್ಡವಳಿಗೆ ಏಳು, ಚಿಕ್ಕವನಿಗೆ ಮೂರೂವರೆ. ಎರಡು ಸಾವಿರದ ಕ್ರಾಫ್ಟ್ ಕಿಟ್ ತರಿಸಲಾ, ಇಲ್ಲ ಚಿಕ್ಕಮಗಳೂರಲ್ಲೇ ಯಾವುದಾದರೂ ಸಮ್ಮರ್ ಕ್ಯಾಂಪಿಗೆ ಸೇರಿಸಲಾ ಅಂತ.

ಸದ್ಯಕ್ಕೆ ಎರಡೂ ಬೇಡ ಅಂತೀನಿ. ದುಡ್ಡಿನ ಮಾತಲ್ಲ. ಆ ಕಿಟ್ಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಸಣ್ಣ ಸಣ್ಣ ಗೆರೆ ಹಿಡಿದು ಕತ್ತರಿಸಬೇಕು, ಮಣಿ ಅಂಟಿಸಬೇಕು, ಪಿನ್ ಚುಚ್ಚಬೇಕು. ಅದರಲ್ಲಿ ಚಿಕ್ಕವನ ಕೈಗೆ ಆಗುವ ಕೆಲಸ ಒಂದೂ ಇಲ್ಲ. ಕೊನೆಗೆ ನೀನೇ ಕೂತು ಮುಗಿಸಬೇಕು, ಅವನು ಪಕ್ಕದಲ್ಲಿ ನಿಂತು ನೋಡಬೇಕು. ಅಂಗನವಾಡಿಯಲ್ಲಿ ಇದನ್ನು ಎಷ್ಟು ನೋಡಿದ್ದೇನೆ ಗೊತ್ತಾ? ದೊಡ್ಡವರು ಮುಗಿಸಿಕೊಟ್ಟ ಚೆಂದದ ಗೊಂಬೆಯನ್ನು ಮಗು ತಿರುಗಿಯೂ ನೋಡುವುದಿಲ್ಲ. ತಾನೇ ಮಾಡಿದ ಸೊಟ್ಟ ಮಣ್ಣುಂಡೆಯನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ.

ಅದಕ್ಕೆ ಮೊದಲು ಕೈ ನೋಡು, ಆಮೇಲೆ ಕೆಲಸ ಆರಿಸು. ಮೂರೂವರೆಯವನಿಗೆ ಕಾಗದ ಹರಿಯೋದು, ಹಿಸುಕೋದು, ಒತ್ತೋದು, ಅಂಟಿಸೋದು ಬರುತ್ತದೆ. ಮೊಂಡು ಕತ್ತರಿ ಕೊಟ್ಟರೆ ಕಾಗದದ ಅಂಚನ್ನು ಚಕ್ ಚಕ್ ಅಂತ ಕತ್ತರಿಸುತ್ತಾನೆ. ಗೆರೆ ಮೇಲೆ ಕತ್ತರಿಸೋದನ್ನು ಈಗಲೇ ಕೇಳಬೇಡ, ಇನ್ನೊಂದು ವರ್ಷ ಹೋಗಲಿ. ದೊಡ್ಡವಳಿಗೆ ಮಡಿಸೋದು, ಹೆಣೆಯೋದು, ದಪ್ಪ ಸೂಜಿಯಲ್ಲಿ ದಾರ ಪೋಣಿಸೋದು ಎಲ್ಲಾ ಆಗುತ್ತದೆ. ಇಬ್ಬರಿಗೂ ಒಂದೇ ಕೆಲಸ ಕೊಟ್ಟರೆ ಒಬ್ಬರು ಅಳೋದು ಗ್ಯಾರಂಟಿ.

ಇಬ್ಬರೂ ಕೂತು ಮಾಡುವಂಥದ್ದು ಅಂದರೆ ಜೇಡಿಮಣ್ಣು. ನಮ್ಮ ಕಡೆ ಕೆರೆ ಬತ್ತಿದಾಗ ಬುಡದಲ್ಲಿ ಸಿಗುತ್ತದೆ. ಕುಂಬಾರರನ್ನು ಕೇಳಿದರೆ ಹದ ಮಾಡಿದ್ದೇ ಕೊಡುತ್ತಾರೆ. ಹೆಂಟೆಯಾಗಿ ಸಿಕ್ಕರೆ ಕುಟ್ಟಿ, ಜರಡಿ ಹಿಡಿದು, ರಾತ್ರಿ ನೀರಿನಲ್ಲಿ ನೆನೆಸು. ಬೆಳಿಗ್ಗೆ ಮೇಲಿನ ನೀರು ಬಸಿದು ಹಳೇ ಪಂಚೆಯ ಮೇಲೆ ಹರವು. ಬೆರಳಿಂದ ಒತ್ತಿದರೆ ಗುರುತು ನಿಲ್ಲಬೇಕು, ಮಣ್ಣು ಬೆರಳಿಗೆ ಅಂಟಬಾರದು. ಅದೇ ಹದ. ಕಾಲು, ಸೊಂಡಿಲು ಅಂಟಿಸುವಾಗ ಎರಡೂ ಕಡೆ ಕಡ್ಡಿಯಲ್ಲಿ ಗೀರಿ, ತೆಳ್ಳಗಿನ ಕೆಸರು ಸವರಿ ಒತ್ತಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಇಡಬೇಡ. ಮೇಲಿನದು ಬೇಗ ಒಣಗಿ, ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ನೆರಳಲ್ಲಿ ನಿಧಾನವಾಗಿ ಒಣಗಲಿ.

ನಮ್ಮ ಅಂಗನವಾಡಿಯಲ್ಲಿ ಒಬ್ಬ ಹುಡುಗ ಆನೆ ಮಾಡುತ್ತಿದ್ದ. ಕಾಲು ತೆಳ್ಳಗೆ ಮಾಡುತ್ತಾನೆ, ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ. ಮತ್ತೆ ಎತ್ತಿ ನಿಲ್ಲಿಸುತ್ತಾನೆ, ಮತ್ತೆ ಕುಸಿಯುತ್ತದೆ. ಸಹಾಯಕಿ ಕೈ ಹಾಕೋಕೆ ಬಂದಳು, ತಡಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ನೋಡಿದ. ನಾಲ್ಕೂ ಕಾಲು ಕಿತ್ತು ಎರಡೇ ಎರಡು ದಪ್ಪ ಕಂಬ ಮಾಡಿದ. ಆನೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. "ಆ ಕಡೆ ಕಾಲು ಕಾಣಲ್ಲ ಟೀಚರ್" ಅಂದ. ಅವತ್ತು ನಾವು ಕೈ ಹಾಕಿದ್ದರೆ ಆ ಯೋಚನೆ ಅವನಿಗೆ ಬರುತ್ತಿತ್ತಾ ಹೇಳು.

ಎರಡನೆಯದು ಅರಿಶಿನದ ಕಾಗದ. ಇದಕ್ಕೆ ಖರ್ಚೇ ಇಲ್ಲ. ಅರ್ಧ ಲೋಟ ನೀರಿಗೆ ಎರಡು ಚಮಚ ಅರಿಶಿನ ಕದಡಿ ಬಿಳಿ ಕಾಗದಕ್ಕೆ ಬಳಿದು ಒಣಗಿಸು. ಬಟ್ಟೆ ತೊಳೆಯುವ ಬಾರ್ ಸೋಪನ್ನು ಒಂದಿಷ್ಟು ನೀರಿನಲ್ಲಿ ಉಜ್ಜು. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಬರೆದರೆ ಹಳದಿ ಕಾಗದದ ಮೇಲೆ ಕೆಂಪು ಗೆರೆ ಏಳುತ್ತದೆ. ಅದರ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿಗೆ ಓಕುಳಿ ನೀರು ಮಾಡುತ್ತೀವಲ್ಲ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಅದೇ ಕೆಲಸ ಇದು. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಬೇಡ, ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಸೋಪೇ ಸಾಕು. ಅಂಗಿಗೆ ಅರಿಶಿನ ಆದರೆ ಗಾಬರಿ ಬೇಡ. ಸೋಪು ಹಾಕಿದ ತಕ್ಷಣ ಕಲೆ ಕೆಂಪಾಗಿ ಹೆದರಿಸುತ್ತದೆ, ಒಗೆದು ಬಿಸಿಲಿಗೆ ಹಾಕು, ಮಾಸಿಹೋಗುತ್ತದೆ. ಹಿತ್ತಲಲ್ಲಿ ನೀಲಿ ಶಂಖಪುಷ್ಪ ಇದ್ದರೆ ಬಿಸಿ ನೀರಿನಲ್ಲಿ ಹಾಕಿ ಬಣ್ಣ ತೆಗಿ. ಅದಕ್ಕೆ ನಿಂಬೆ ಹಿಂಡಿದರೆ ನೇರಳೆ ಆಗುತ್ತದೆ. ದೊಡ್ಡವಳು ಇಡೀ ಮಧ್ಯಾಹ್ನ ಅಲ್ಲೇ ಕೂರುತ್ತಾಳೆ ನೋಡುತ್ತಿರು.

ಕೊಪ್ಪಕ್ಕೆ ನಿಮ್ಮ ಅತ್ತೆ ಮನೆಗೆ ಹೋಗುತ್ತೀರಲ್ಲ, ಅಲ್ಲಿಂದ ಅಡಿಕೆ ಹಾಳೆ ತಂದುಕೋ. ತರುವ ಮೊದಲು ಚೆನ್ನಾಗಿ ಕೊಡವು, ಒಳಗೆ ಚೇಳು ಕೂತಿರುತ್ತದೆ. ಹಾಳೆಯ ಒಳಮೈ ನುಣುಪಾಗಿರುತ್ತದೆ, ಚಿಕ್ಕವನಿಗೆ ಬಣ್ಣ ಬಳಿಯೋಕೆ ಅದೇ ಹಲಗೆ. ಕೆಮ್ಮಣ್ಣನ್ನು ಜರಡಿ ಹಿಡಿದು ಮೈದಾ ಅಂಟಿನಲ್ಲಿ ಕಲಸಿದರೆ ಬಣ್ಣ ರೆಡಿ, ಗಟ್ಟಿ ಕಾಫಿ ಡಿಕಾಕ್ಷನ್ನೂ ಆಗುತ್ತದೆ. ಒಂದು ಪಾಲು ಮೈದಾಕ್ಕೆ ಮೂರು ಪಾಲು ನೀರು ಹಾಕಿ, ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ತಿರುವಿದರೆ ಅಂಟು. ಹುಳ ಬರಬಾರದು ಅಂತ ಹಿಂದೆ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಖಾಲಿ ಮಾಡು.

ತೆಂಗಿನ ಗರಿ ದೊಡ್ಡವಳಿಗೆ. ಹಸಿ ಗರಿಯ ನಡುವಿನ ಕಡ್ಡಿ ತೆಗೆದರೆ ಎರಡು ಪಟ್ಟಿ ಸಿಗುತ್ತದೆ. ಎರಡನ್ನೂ ಮಡಿಸಿ, ಒಂದರೊಳಗೆ ಒಂದು ತೂರಿಸಿ ಎಳೆದರೆ ನಾಲ್ಕು ರೆಕ್ಕೆ. ನಡುವೆ ಕಡ್ಡಿ ಚುಚ್ಚಿದರೆ ಗಿರಿಗಿಟ್ಲೆ. ಕಡ್ಡಿಯಿಂದ ಎಲೆ ಬಿಡಿಸುವ ಕೆಲಸ ಚಿಕ್ಕವನಿಗೆ ಬಿಟ್ಟುಬಿಡು, ಸರ್ರನೆ ಎಳೆಯೋದು ಅವನಿಗೆ ಖುಷಿ. ಪೀಪಿ ಸುತ್ತೋದನ್ನು ನಿಮ್ಮಪ್ಪನಿಗೆ ಹೇಳು, ಅರಸೀಕೆರೆ ತೋಟದಲ್ಲಿ ಬೆಳೆದವರು, ಅವರಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಸುತ್ತುವುದಿಲ್ಲ. ಮಾವಿನ ಹಣ್ಣು ತಿಂದ ಮೇಲೆ ವಾಟೆ ಬಿಸಾಡಬೇಡ, ತೊಳೆದು ನಾರು ಬಾಚಿ ಒಣಗಿಸಿ ಕಣ್ಣು ಮೂಗು ಬರೆದರೆ ಗಡ್ಡದ ತಾತ.

ಈಗ ಹುಷಾರಾಗಿ ಕೇಳು. ಗುಲಗಂಜಿ ಕೆಂಪಗೆ ಚೆಂದ ಕಾಣುತ್ತದೆ ಅಂತ ಅಂಟಿಸೋಕೆ ಕೊಡಬೇಡ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹರಳು ಬೀಜವೂ ಹಾಗೇ. ಕಣಗಿಲೆಯ ಹೂವು, ಎಲೆ ಬೇಡ. ಹಸಿ ಗೇರುಬೀಜದ ಸಿಪ್ಪೆ ಕೈ ಸುಡುತ್ತದೆ. ಕಾಫಿ ಬೀಜ, ಮಣಿ, ಥರ್ಮಾಕೋಲ್ ಗುಂಡು ಚಿಕ್ಕವನ ಮೂಗಿಗೋ ಗಂಟಲಿಗೋ ಹೋಗುತ್ತದೆ, ಅವೆಲ್ಲಾ ಅವನು ಮಲಗಿದ ಮೇಲೆ ಅಕ್ಕನಿಗೆ. ಅತ್ತಿಗೆ ಗ್ರೂಪಿನಲ್ಲಿ ಹಾಕಿರುವ ಸ್ಲೈಮ್, ಅದೇ ಆ ಲೋಳೆ ಲೋಳೆ ಆಟದ ಮುದ್ದೆಯ ಲಿಂಕ್ ಬಿಡು. ಕೆಲವು ಸ್ಲೈಮಿನಲ್ಲಿ ಬೋರಾಕ್ಸ್ ಅನ್ನೋ ರಾಸಾಯನಿಕ ಇರುತ್ತದೆ, ಕೈ ಬಾಯಿಗೆ ಹಾಕುವ ವಯಸ್ಸಿಗೆ ಅದು ಸರಿಯಲ್ಲ. ಲೈಟ್ ಹತ್ತುವ ಕಿಟ್ ಅಂತೂ ತರಲೇಬೇಡ. ಅದರೊಳಗಿನ ಗುಂಡಿ ಬ್ಯಾಟರಿ ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ಮುಂದೆ ಆಟಿಕೆ ಕಿಟ್ ತರಿಸಿದರೂ ಐಎಸ್‌ಐ ಗುರುತು ನೋಡಿ ತರಿಸು. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಕ್ಯಾಂಪಿನ ಬದಲು ಒಂದು ಭಾನುವಾರ ಬೇಲೂರಿಗೆ ಬನ್ನಿ. ನಿಮಗೆ ಸುಮಾರು 25 ಕಿಲೋಮೀಟರ್, ನನಗೆ ಹಾಸನದಿಂದ 40 ಹತ್ತಿರ. ಚೆನ್ನಕೇಶವನ ಗುಡಿ ಗೋಡೆಯ ಬುಡದಲ್ಲಿ ಆನೆಗಳ ಸಾಲು ಇದೆಯಲ್ಲ, ಅದು ಮಕ್ಕಳ ಕಣ್ಣಿನ ಎತ್ತರಕ್ಕೇ ಬರುತ್ತದೆ. ವಿಷ್ಣುವರ್ಧನನ ಕಾಲದ್ದು, 1117ರ ಗುಡಿ. ಅದರ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ನಾಜೂಕಾಗಿ ಕೆತ್ತೋಕೆ ಆಗಿದ್ದು. ಇದನ್ನು ದೊಡ್ಡವಳಿಗೆ ಅಲ್ಲೇ ತೋರಿಸಿ ಹೇಳು. ಮನೆಗೆ ಬಂದ ಮೇಲೆ ಹೊಸ ಮೈಸೋಪು ಮತ್ತು ಐಸ್‌ಕ್ರೀಂ ಕಡ್ಡಿ ಕೊಡು, ಅವಳೇ ಕೆತ್ತಲಿ. ಚಿಕ್ಕವನಿಗೆ ಆಲೂಗಡ್ಡೆ ಅರ್ಧ ಮಾಡಿ, ನೀನೇ ಆನೆ ಆಕಾರ ಕೊರೆದು ಕೊಡು. ಅಡಿಕೆ ಹಾಳೆ ಮೇಲೋ ಹಳೇ ಪೇಪರ್ ಮೇಲೋ ಬಣ್ಣದಲ್ಲಿ ಅದ್ದಿ ಒತ್ತುತ್ತಾ ಹೋಗಲಿ. ಸಾಲು ಸೊಟ್ಟ ಆದರೆ ಆಗಲಿ, ತಿದ್ದಬೇಡ.

ಬೆಳಿಗ್ಗೆ ಬೇಗ ಹೊರಡಿ. ಹತ್ತು ಗಂಟೆ ಮೇಲೆ ಅಂಗಳದ ಕಲ್ಲು ಕಾದು ಕಾಲಿಡೋಕೆ ಆಗುವುದಿಲ್ಲ, ಇಬ್ಬರಿಗೂ ಸಾಕ್ಸ್ ಹಾಕಿಸು. ಒಂದು ಡಬ್ಬ ಜೇಡಿಮಣ್ಣು ಹದ ಮಾಡಿ ನಾನು ತರುತ್ತೇನೆ. ಯಾವ ಭಾನುವಾರ ಅಂತ ಇಲ್ಲೇ ಹಾಕು, ಅತ್ತಿಗೆಯವರೂ ಬರಬಹುದು.